ಚಿಕೋರಿ ಎಷ್ಟು?

ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಗಳಲ್ಲಿ ‘ಅರ್ಧ ಕೆ.ಜಿ. ಕೊಡಿ’ ಅಂದ ಕೂಡಲೇ ಬರುವ ಪ್ರಶ್ನೆ ಒಂದೇ: ‘ಚಿಕೋರಿ ಎಷ್ಟು ಹಾಕ್ಲಿ?’ ಇಪ್ಪತ್ತು ಸಾಕು ಅನ್ನುವವರಿದ್ದಾರೆ. ಮೂವತ್ತಿರಲಿ, ಡಿಕಾಕ್ಷನ್ ಗಟ್ಟಿ ಬರಬೇಕು ಅನ್ನುವವರಿದ್ದಾರೆ. ತೋಟದ ಮನೆಯವರಾದರೆ ಚಿಕೋರಿಯ ಸುದ್ದಿಯೇ ಬೇಡ ಅನ್ನುವುದು ಹೆಚ್ಚು. ಪೊಟ್ಟಣದಲ್ಲಿ ಬರುವ ಪುಡಿಗೂ ಕಾನೂನಿದೆ. ಬೆರಕೆಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು. ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬುದು ಪೊಟ್ಟಣದ ಮೇಲೆ ಅಚ್ಚಾಗಿರಲೇಬೇಕು. ಈ ಲೆಕ್ಕ ನಮ್ಮ ಕಡೆ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರಿಗೂ ಬಾಯಿಪಾಠ. ಅದೇ ಕೈಚೀಲದಲ್ಲಿ, ಕಾಫಿಪುಡಿಯ ಜೊತೆಗೇ ಮನೆಗೆ ಬರುವ ಸೋಪು, ಶಾಂಪೂ, ಟೂತ್‌ಪೇಸ್ಟು, ಮುಖದ ಕ್ರೀಮುಗಳ ಬಗ್ಗೆ ಮಾತ್ರ ಯಾರೂ ಇದನ್ನು ಕೇಳುವುದಿಲ್ಲ. ಕೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಉತ್ತರವೂ ಬಹುಪಾಲು ಅಲ್ಲೇ, ಹೊದಿಕೆಯ ಹಿಂಬದಿಯಲ್ಲಿ, ಕನ್ನಡಕ ಬೇಡುವ ಅಕ್ಷರದಲ್ಲಿ ಬರೆದಿರುತ್ತದೆ.

ನನಗೆ ಹಿಂಬದಿ ಓದುವ ರೂಢಿ ಹತ್ತಿಸಿದವಳು ತಂಗಿಯ ಮಗಳು. ಫಾರ್ಮಸಿ ಓದುತ್ತಿದ್ದ ಕಾಲದಲ್ಲಿ ರಜೆಗೆ ಬಂದರೆ ಬಚ್ಚಲುಮನೆಯ ಗೂಡಿನಲ್ಲಿದ್ದ ಬಾಟಲಿ, ಟ್ಯೂಬುಗಳನ್ನೆಲ್ಲ ಜಗಲಿಗೆ ತಂದು ಸಾಲಾಗಿ ಇಡುತ್ತಿದ್ದಳು. ಹೊರಗೆ ಕಳಸ ಸೀಮೆಯ ಮಳೆ. ಒಮ್ಮೆ ಹಿಡಿದರೆ ಕರೆಂಟೂ ಇಲ್ಲ, ಅಂಗಳಕ್ಕೆ ಇಳಿಯುವಂತೆಯೂ ಇಲ್ಲ. ‘ದೊಡ್ಡಮ್ಮ, ಪಟ್ಟೀನ ಮೇಲಿಂದ ಕೆಳಗೆ ಓದ್ಬೇಕು. ಯಾವ್ದು ಜಾಸ್ತಿ ಇದ್ಯೋ ಅದು ಮೊದ್ಲು ಬರುತ್ತೆ’ ಅಂದಳು. ನಮ್ಮ ದೇಶದ ಸೌಂದರ್ಯವರ್ಧಕ ನಿಯಮಗಳು ಹೇಳುವುದೂ ಅದನ್ನೇ. ಈಗ ಜಾರಿಯಲ್ಲಿರುವುದು 2020ರ ನಿಯಮಗಳು, ಮೂಲ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ. ನೂರಕ್ಕೆ ಒಂದು ಪಾಲಿಗಿಂತ ಹೆಚ್ಚಿರುವ ಪದಾರ್ಥಗಳನ್ನೆಲ್ಲ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಒಂದು ಪಾಲು ಅಥವಾ ಅದಕ್ಕೂ ಕಡಿಮೆ ಇರುವುದನ್ನು ಆಮೇಲೆ ಯಾವ ಕ್ರಮದಲ್ಲಾದರೂ ಬರೆಯಬಹುದು. ಈ ಒಂದು ಪಾಲಿನ ಗೆರೆ ಎಲ್ಲಿ ಬೀಳುತ್ತದೆ ಎಂದು ಹೊದಿಕೆ ಹೇಳುವುದಿಲ್ಲ, ನಾವೇ ಊಹಿಸಬೇಕು. ಅದಕ್ಕೆ ಅವಳು ಒಂದು ಗುರುತು ತೋರಿಸಿಕೊಟ್ಟಳು. ಫಿನಾಕ್ಸಿಎಥನಾಲ್ ಎಂಬುದು ಕ್ರೀಮು, ಶಾಂಪೂಗಳು ಕೆಡದಂತೆ ಹಾಕುವ ಪದಾರ್ಥ. ಅದಕ್ಕೆ ಇರುವ ಮಿತಿಯೇ ನೂರಕ್ಕೆ ಒಂದು. ಪಟ್ಟಿಯಲ್ಲಿ ಆ ಹೆಸರು ಕಂಡಲ್ಲಿಂದ ಕೆಳಗಿನದೆಲ್ಲ ಒಂದು ಪಾಲಿನೊಳಗಿನ ಸರಕು ಎಂದು ಇಟ್ಟುಕೊಳ್ಳಬಹುದು.

ಇದು ತಿಳಿದ ಮೇಲೆ ನಾನು ಕುತೂಹಲದಿಂದ ತಿರುಗಿಸಿ ನೋಡಿದ್ದು ಕಾಫಿ ಸೋಪು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಲು ಬಂದ ಪ್ರವಾಸಿಗರು ಕಾಫಿಪುಡಿ, ಏಲಕ್ಕಿ, ಜೇನುತುಪ್ಪದ ಜೊತೆ ಇದನ್ನೂ ಕೊಂಡುಹೋಗುತ್ತಾರೆ. ಹೊದಿಕೆಯ ಮುಂಬದಿಯಲ್ಲಿ ಕೆಂಪಗೆ ಹಣ್ಣಾದ ಅರೇಬಿಕಾ ಗೊಂಚಲು. ಹಿಂಬದಿಯಲ್ಲಿ ಮೊದಲಿಗೆ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್. ಅಂದರೆ ತಾಳೆ ಎಣ್ಣೆ, ತಾಳೆ ಬೀಜದ ಎಣ್ಣೆಗಳನ್ನು ಕಾಸ್ಟಿಕ್ ಸೋಡಾದೊಂದಿಗೆ ಕೂಡಿಸಿ ಮಾಡಿದ ಸೋಪು. ಆಮೇಲೆ ಆಕ್ವಾ, ಅದು ಬರೀ ನೀರು. ಗ್ಲಿಸರಿನ್, ಪರ್ಫ್ಯೂಮ್, ಮತ್ತೆ ಕೆಲವು. ತೀರ ಕೊನೆಗೆ ಕಾಫಿಯಾ ಅರೇಬಿಕಾ ಸೀಡ್ ಎಕ್ಸ್‌ಟ್ರಾಕ್ಟ್, ಅದರ ಪಕ್ಕದಲ್ಲೇ ಸಿಐ 77491, ಸಿಐ 77499. ಸಿಐ ಅಂದರೆ ಕಲರ್ ಇಂಡೆಕ್ಸ್, ಬಣ್ಣಗಳಿಗೆ ಜಗತ್ತಿನಾದ್ಯಂತ ನಡೆಯುವ ಅಂಕಿ. 77491 ಕೆಂಪು ಕಬ್ಬಿಣದ ಆಕ್ಸೈಡು. ನಮ್ಮ ಗುಡ್ಡಗಳ ಕೆಮ್ಮಣ್ಣಿಗೆ ಬಣ್ಣ ಕೊಟ್ಟದ್ದೂ ಕಬ್ಬಿಣದ ಆಕ್ಸೈಡುಗಳೇ. 77499 ಕಪ್ಪು ಆಕ್ಸೈಡು. ಕಳಸದ ಮಗ್ಗುಲಲ್ಲೇ ಇರುವ ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅಗೆದ ಮ್ಯಾಗ್ನಟೈಟ್ ಅದಿರಿನ ರಾಸಾಯನಿಕ ರೂಪ ಅದು. ಮೈಗೆ ಹಚ್ಚುವ ವಸ್ತುಗಳಿಗೆ ಗಣಿಯ ಅದಿರನ್ನು ಹಾಕುವುದಿಲ್ಲ, ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಿಕೊಳ್ಳುತ್ತಾರೆ. ಅಂತೂ ಆ ಸೋಪಿನ ಕಂದು ಬಣ್ಣದಲ್ಲಿ ಕಬ್ಬಿಣದ ಪಾಲಿತ್ತು, ಪರಿಮಳ ಪರ್ಫ್ಯೂಮಿನದು, ಕಾಫಿ ಇದ್ದದ್ದು ಕೊನೆಯ ಸಾಲಿನಲ್ಲಿ. ಇದರಿಂದ ಮೈಗೆ ಕೇಡೇನೂ ಇಲ್ಲ. ಆದರೆ ಕೊಟ್ಟ ಹೆಚ್ಚಿನ ದುಡ್ಡು ಯಾವುದಕ್ಕೆ ಎಂಬುದು ಗೊತ್ತಾಗುತ್ತದೆ. ನಿಜವಾಗಿ ಕಾಫಿಪುಡಿ ಕಲಸಿ ಸೋಪು ಮಾಡುವವರೂ ಇದ್ದಾರೆ. ಅಂಥದರಲ್ಲಿ ಕಾಫಿಯ ಹೆಸರು ಮೇಲಿನ ಸಾಲಿಗೆ ಏರಿರುತ್ತದೆ, ಉಜ್ಜಿದರೆ ಕೈಗೂ ತರಿತರಿಯಾಗಿ ಸಿಗುತ್ತದೆ.

ಸೋಪಿನಲ್ಲಿ ಚಿಕೋರಿ ಲೆಕ್ಕಕ್ಕೆ ತೀರ ಸಮೀಪದ ಅಂಕಿ ಟಿಎಫ್‌ಎಂ. ಟೋಟಲ್ ಫ್ಯಾಟಿ ಮ್ಯಾಟರ್, ಅಂದರೆ ಎಣ್ಣೆ ಕೊಬ್ಬುಗಳಿಂದ ಬಂದ ಅಂಶ ನೂರಕ್ಕೆ ಎಷ್ಟು ಎಂಬುದು. ಭಾರತೀಯ ಮಾನಕ ಬ್ಯೂರೋದ ಪ್ರಕಾರ ‘ಟಾಯ್ಲೆಟ್ ಸೋಪ್’ ಎಂದು ಬರೆದುಕೊಳ್ಳುವ ಬಿಲ್ಲೆಯ ಮೊದಲ ದರ್ಜೆಗೆ ಇದು ಕನಿಷ್ಠ 76 ಇರಬೇಕು, ಎರಡನೆಯದಕ್ಕೆ 70, ಮೂರನೆಯದಕ್ಕೆ 60. ‘ಬೇದಿಂಗ್ ಬಾರ್’ ಎಂದು ಬರೆದಿದ್ದರೆ 40 ಇದ್ದರೂ ನಡೆಯುತ್ತದೆ. ಅಂಗಡಿಯ ಹಲಗೆಯ ಮೇಲೆ ಎರಡೂ ಒಂದೇ ಎತ್ತರ, ಒಂದೇ ಹೊಳಪು, ಕೆಲವೊಮ್ಮೆ ಒಂದೇ ಬೆಲೆ. ಮಳೆಗಾಲದ ಬಚ್ಚಲಲ್ಲಿ ಎರಡೇ ದಿನಕ್ಕೆ ಲೊಳೆಲೊಳೆಯಾಗಿ ಕರಗಿಹೋಗುವ ಸೋಪಿನ ಹೊದಿಕೆಯನ್ನು ಹುಡುಕಿ ಆ ಅಂಕಿ ನೋಡಿ, ಅನೇಕ ಸಲ ಕಾರಣ ಅಲ್ಲೇ ಸಿಗುತ್ತದೆ. ಹಾಗೆಂದು ಕಡಿಮೆ ಟಿಎಫ್‌ಎಂ ಇದ್ದದ್ದೆಲ್ಲ ಕಳಪೆ ಎನ್ನಲಾಗದು. ಒಣಚರ್ಮದವರಿಗೆಂದು ಸೋಪಿಲ್ಲದೆ, ಮೃದುವಾದ ಬೇರೆ ತೊಳೆಯುವ ಪದಾರ್ಥಗಳಿಂದ ಮಾಡಿದ ಬಿಲ್ಲೆಗಳೂ ಬೇದಿಂಗ್ ಬಾರ್ ಹೆಸರಿನಲ್ಲೇ ಬರುತ್ತವೆ, ಅವುಗಳ ಪಟ್ಟಿ ಬೇರೆಯೇ ಇರುತ್ತದೆ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಮರ ಸಾಗಿಸುವ ದಾರಿ ಮುಚ್ಚಿದಾಗ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಗಂಧದೆಣ್ಣೆಯನ್ನು ಇಲ್ಲೇ ತೆಗೆಸಿದರು; ಸೋಪಿನ ವಿದ್ಯೆ ಕಲಿಯಲು ಎಸ್.ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿದರು. ಆಗ ಹುಟ್ಟಿದ ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆಯ ಮೇಲೆ ಇಂದಿಗೂ ಮೊದಲ ದರ್ಜೆ ಎಂಬುದು ಅಚ್ಚಾಗಿದೆ. ಶತಮಾನ ದಾಟಿದ ನಮ್ಮದೇ ಸೋಪನ್ನು ವಾಸನೆ ನೋಡಿ ಕೊಂಡಷ್ಟೇ ಆಸಕ್ತಿಯಿಂದ ಆ ದರ್ಜೆಯನ್ನೂ ನೋಡಿ ಕೊಳ್ಳಬಹುದು.

ಸೋಪು ಚೆನ್ನಾಗಿಲ್ಲ ಎಂದು ದೂರುವ ಮೊದಲು ನೀರನ್ನೂ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಎರಡು ನೀರುಗಳಿವೆ. ಕಳಸ, ಮೂಡಿಗೆರೆ ಕಡೆಯ ಹಳ್ಳದ ನೀರು ಮೆದು. ಚೂರು ಸೋಪಿಗೆ ರಾಶಿ ನೊರೆ, ಎಷ್ಟು ತೊಳೆದರೂ ಮೈ ಜಾರುತ್ತಲೇ ಇರುತ್ತದೆ. ಕಡೂರು ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಅವು ಸೋಪಿನೊಂದಿಗೆ ಸೇರಿ ಬಕೆಟ್ಟಿನ ಅಂಚಿಗೆ ಬಿಳಿ ಕೆನೆ ಕಟ್ಟುತ್ತವೆ, ಕೂದಲು ಅಂಟಂಟಾಗುತ್ತದೆ. ಈ ಲವಣಗಳನ್ನು ಹಿಡಿದಿಟ್ಟುಕೊಳ್ಳಲೆಂದೇ ಸೋಪು, ಶಾಂಪೂಗಳಿಗೆ ಇಡಿಟಿಎ ಹಾಕುತ್ತಾರೆ. ಡೈಸೋಡಿಯಂ ಇಡಿಟಿಎ, ಟೆಟ್ರಾಸೋಡಿಯಂ ಇಡಿಟಿಎ ಎಂದು ಪಟ್ಟಿಯ ಕೆಳಭಾಗದಲ್ಲಿ ಇರುತ್ತದೆ. ಹೆಸರು ಕೇಳಿದರೆ ಹೆದರಿಕೆ ಹುಟ್ಟಬಹುದು, ಆದರೆ ತೋಟದವರಿಗೆ ಇದು ಹೊಸತಲ್ಲ. ಕಾಫಿ ಗಿಡಕ್ಕೆ ಸತುವು ಕಡಿಮೆಯಾದಾಗ ಸಿಂಪಡಿಸಲು ಗೊಬ್ಬರದಂಗಡಿಯಿಂದ ತರುವ ಜಿಂಕ್ ಇಡಿಟಿಎ ಪೊಟ್ಟಣದಲ್ಲಿರುವುದು ಇದೇ ಪದಾರ್ಥ. ಅಲ್ಲಿ ಸತುವನ್ನು ಹಿಡಿದುಕೊಂಡಿರುತ್ತದೆ, ಇಲ್ಲಿ ಸುಣ್ಣದಂಶವನ್ನು. ಪಿಎಚ್ ಕೂಡ ನಮಗೆ ಗೊತ್ತಿಲ್ಲದ್ದಲ್ಲ. ಮಣ್ಣು ಹುಳಿಯಾಯಿತೆಂದು ತೋಟಕ್ಕೆ ಸುಣ್ಣ ಹಾಕುವವರು ನಾವು. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಇಟ್ಟಿದ್ದ ಕೆಂಪು ಲಿಟ್ಮಸ್ ಕಾಗದವನ್ನು ನಮ್ಮ ಹುಡುಗಿ ಸೋಪಿನ ನೀರಿಗೆ ಅದ್ದಿ ತೋರಿಸಿದಳು, ನೀಲಿಯಾಯಿತು. ಮಾಮೂಲಿ ಸೋಪಿನ ಪಿಎಚ್ ಒಂಬತ್ತು–ಹತ್ತರ ಆಸುಪಾಸು, ಚರ್ಮದ್ದು ಐದರ ಆಸುಪಾಸು. ಕೊಯ್ಲಿನ ಚಳಿಗಾಲದಲ್ಲಿ ಪದೇಪದೇ ಸೋಪು ಹಾಕಿ ಕೈ ತೊಳೆದವರ ಬೆರಳು ಬಿರಿಯುವುದಕ್ಕೆ ಇದೂ ಒಂದು ಕಾರಣ.

ನಮ್ಮ ಅತ್ತೆ ತಲೆಸ್ನಾನಕ್ಕೆ ದಾಸವಾಳದ ಎಲೆ ಕಿವುಚಿ ಗೊಂಪು ಮಾಡುತ್ತಿದ್ದರು. ಎಣ್ಣೆ ಹೆಚ್ಚಾದ ದಿನ ಸೀಗೆಪುಡಿ, ಇಲ್ಲವೇ ಅಂಟುವಾಳದ ನೊರೆ. ಅಂಟುವಾಳ, ಸೀಗೆಗಳಲ್ಲಿ ಕೊಳೆ ಬಿಡಿಸುವುದು ಸಪೋನಿನ್. ಅಂಗಡಿಯ ಶಾಂಪೂವಿನಲ್ಲಿ ಆ ಕೆಲಸಕ್ಕೆ ಸೋಡಿಯಂ ಲಾರೆತ್ ಸಲ್ಫೇಟ್, ಕೆಲವದರಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್. ಇವುಗಳಿಗೆ ಬೇಕಾದ ಕೊಬ್ಬಿನ ಭಾಗ ತೆಂಗಿನೆಣ್ಣೆ, ತಾಳೆ ಬೀಜದ ಎಣ್ಣೆಗಳಿಂದಲೂ ಬರುತ್ತದೆ. ಲಾರಿಲ್ ಸಲ್ಫೇಟ್ ಕ್ಯಾನ್ಸರ್ ತರುತ್ತದೆ ಎಂಬ ಸುದ್ದಿ ಮೊಬೈಲುಗಳಲ್ಲಿ ಸುತ್ತುತ್ತಲೇ ಇದೆ, ಅದಕ್ಕೆ ಆಧಾರವಿಲ್ಲ. ಚರ್ಮವನ್ನು ಕೆರಳಿಸುವ ಗುಣವಂತೂ ಅದಕ್ಕಿದೆ. ಚರ್ಮದ ಉರಿಯೂತ ಅಧ್ಯಯನ ಮಾಡುವವರು ಬೇಕೆಂದೇ ಉರಿ ಎಬ್ಬಿಸಲು ಅದನ್ನು ಬಳಸುತ್ತಾರೆ. ಇಸುಬು ಇರುವವರು ಅದನ್ನು ಬಿಡುವುದು ಒಳ್ಳೆಯದು, ಉಳಿದವರು ಹಚ್ಚಿ ಚೆನ್ನಾಗಿ ತೊಳೆದುಕೊಂಡರೆ ಆಯಿತು.

ಅತ್ತೆಯ ಗೊಂಪು ಅವತ್ತಿನದು ಅವತ್ತಿಗೆ. ಮರುದಿನಕ್ಕೆ ಇಟ್ಟರೆ ಹುಳಿವಾಸನೆ. ಜೂನ್ ಕಳೆಯುವಷ್ಟರಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನಿಗೆಲ್ಲ ಬೂಷ್ಟು ಹಿಡಿಯುವ ನಮ್ಮ ಕಡೆ ಪ್ರಿಸರ್ವೇಟಿವ್ ಯಾಕೆ ಬೇಕು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನೀರಿನ ಅಂಶ ಇರುವ ಕ್ರೀಮನ್ನು ಯಾವ ಕಾವಲೂ ಇಲ್ಲದೆ ಆಷಾಢದಲ್ಲಿ ತೆರೆದಿಟ್ಟರೆ ಅದರಲ್ಲಿ ಬೆಳೆಯುವ ಬೂಷ್ಟು, ಬ್ಯಾಕ್ಟೀರಿಯಾ ಮುಖಕ್ಕೆ ಮಾಡುವ ಹಾನಿ ಸಣ್ಣದಲ್ಲ. ಬಹಳ ಬೈಸಿಕೊಂಡ ಪ್ಯಾರಾಬೆನ್‌ಗಳು ಈ ಕಾವಲಿನ ಕೆಲಸದವು. ಯುರೋಪಿನ ಒಕ್ಕೂಟ 2014ರಲ್ಲಿ ಅವುಗಳಲ್ಲಿ ಐದನ್ನು ನಿಷೇಧಿಸಿತು; ಮೀಥೈಲ್ ಪ್ಯಾರಾಬೆನ್ನಿಗೆ ನೂರಕ್ಕೆ 0.4ರ ಮಿತಿ ಇಟ್ಟು ಉಳಿಸಿಕೊಂಡಿತು. ‘ಪ್ಯಾರಾಬೆನ್ ಇಲ್ಲ’ ಎಂದು ದಪ್ಪಕ್ಷರದಲ್ಲಿ ಸಾರುವ ಬಾಟಲಿ ಕಂಡರೆ ಅದರ ಬದಲಿಗೆ ಏನು ಹಾಕಿದ್ದಾರೆ ಎಂದು ನೋಡಬೇಕು. ಕೆಲವದರಲ್ಲಿ ಮೀಥೈಲ್ ಐಸೋಥಯಜೋಲಿನೋನ್ ಎಂಬ ಉದ್ದ ಹೆಸರು ಸಿಗುತ್ತದೆ. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2013ರ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿದ್ದು ಅದನ್ನೇ. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನು ಯುರೋಪು ಈಗ ಒಪ್ಪುವುದಿಲ್ಲ. ಹೆದರಿಕೆಯ ಹೆಸರಿರುವ ಹಳಬನನ್ನು ಓಡಿಸಿ ಅದಕ್ಕಿಂತ ತುರಿಕೆ ತರುವ ಹೊಸಬನನ್ನು ಕರೆತಂದ ಹಾಗಾಯಿತು.

‘ನೈಸರ್ಗಿಕ’ ಎಂಬ ಸ್ಟಿಕರಿಗಂತೂ ಕಾಡಿನ ಪಕ್ಕದಲ್ಲಿ ಬೆಳೆದವರು ಮರುಳಾಗಬಾರದು. ಹೊಳಗೇರು ಮರದ ಸೋನೆ ತಾಗಿದರೆ ಮೈಯೆಲ್ಲ ಬಾತು ಬೊಬ್ಬೆ ಏಳುವುದನ್ನು ಮಲೆನಾಡಿನವರು ನೋಡಿಯೇ ಬೆಳೆಯುತ್ತಾರೆ. ನಸುಗುನ್ನಿ ಕಾಯಿಯ ರೋಮ, ತುರಚೆ ಸೊಪ್ಪು, ಇವೂ ನಿಸರ್ಗದವೇ. ಅದೇ ರೀತಿ ಪಟ್ಟಿಯ ಕೊನೆಯಲ್ಲಿ ಕಾಣುವ ಲಿಮೋನೀನ್, ಲಿನಲೂಲ್ ಎಂಬ ಹೆಸರುಗಳು ಪ್ರಯೋಗಾಲಯದ ವಿಷಗಳಂತೆ ಕೇಳಿಸಬಹುದು; ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕಾಳುಮೆಣಸಿನ ಘಮದಲ್ಲಿ ಲಿಮೋನೀನ್ ಇದೆ, ಮೂಡಿಗೆರೆ ಸೀಮೆಯ ಏಲಕ್ಕಿಯ ಘಮದಲ್ಲಿ ಲಿನಲೂಲ್ ಇದೆ. ಗಿಡದಿಂದ ಬರಲಿ, ಕಾರ್ಖಾನೆಯಿಂದ ಬರಲಿ, ಕೆಲವರ ಚರ್ಮಕ್ಕೆ ಇವು ಆಗುವುದಿಲ್ಲ. ಅಂಥವರಿಗೆ ಗೊತ್ತಾಗಲೆಂದೇ ಯುರೋಪಿನಲ್ಲಿ ಇವುಗಳ ಹೆಸರನ್ನು ಬಿಡಿಸಿ ಬರೆಯುವ ಕಟ್ಟಳೆ ಇದೆ. ನಮ್ಮಲ್ಲಿ ‘ಪರ್ಫ್ಯೂಮ್’ ಎಂಬ ಒಂದೇ ಮಾತಿನ ಹಿಂದೆ ಹತ್ತಾರು ವಸ್ತುಗಳು ಅಡಗಿ ಕೂರುತ್ತವೆ. ಇಡೀ ಪಟ್ಟಿಯಲ್ಲಿ ನನಗೆ ಹೆಚ್ಚು ಅಸಮಾಧಾನ ಇರುವುದು ಈ ಒಂದು ಪದದ ಮೇಲೆ.

ಗಾರ್ಸೀನಿಯಾ ಇಂಡಿಕಾ ಸೀಡ್ ಬಟರ್ ಎಂಬ ಹೆಸರನ್ನು ಬೆಂಗಳೂರಿನ ಮಾಲಿನಲ್ಲಿ ಮಾರುವ ದುಬಾರಿ ತುಟಿಮುಲಾಮಿನ ಮೇಲೆ ನೋಡಿದಾಗ ನಮ್ಮ ಹುಡುಗಿ ಫೋಟೋ ತೆಗೆದು ಕಳಿಸಿದ್ದಳು. ಅದು ಮುರುಗಲ ತುಪ್ಪ. ಮುರುಗಲ ಬೀಜದಿಂದಲೂ ಉಪ್ಪಾಗೆ ಬೀಜದಿಂದಲೂ ತುಪ್ಪ ತೆಗೆದು, ಒಡೆದ ಹಿಮ್ಮಡಿಗೆ, ತುಟಿಗೆ ಹಚ್ಚುವುದು ಮಲೆನಾಡಿನಲ್ಲಿ ಹಳೆಯ ಪದ್ಧತಿ. ಈಗ ಆ ಬೀಜ ಆರಿಸಿ ಒಣಗಿಸಿ ಕುದಿಸುವ ತಾಳ್ಮೆ ಉಳಿದಿರುವುದು ಕೆಲವೇ ಮನೆಗಳಲ್ಲಿ. ಸಿಗದಿದ್ದರೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹೆಸರಿನಲ್ಲಿ ಪೆಟ್ರೋಲ್ ಇದ್ದರೂ ಶುದ್ಧೀಕರಿಸಿದ ಈ ಜೆಲ್ಲಿಗೆ ಅಲರ್ಜಿ ಆಗುವವರು ತೀರ ಅಪರೂಪ, ತೇವ ಹಿಡಿದಿಡುವುದರಲ್ಲಿ ಅದನ್ನು ಮೀರಿಸುವುದು ಕಷ್ಟ, ಬಡವರ ಕೈಗೂ ಎಟಕುತ್ತದೆ.

ಹೆಸರಷ್ಟರಿಂದ ಒಂದು ಪದಾರ್ಥದ ಒಳಿತು ಕೆಡುಕು ಹೇಳಲಾಗದು ಎಂಬುದಕ್ಕೆ ಮಂಗನ ಕಾಯಿಲೆಯ ಎಣ್ಣೆಗಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ಜ್ವರ ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಗೂ ಬಂದಿದೆ. ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದಿರಲೆಂದು ಆರೋಗ್ಯ ಇಲಾಖೆ ಬಹಳ ಕಾಲ ಹಂಚಿದ್ದು ಡಿಎಂಪಿ ಎಣ್ಣೆ. ಈಚೆಗೆ ಅದರ ಜಾಗಕ್ಕೆ ಡೆಪಾ ಎಣ್ಣೆ ಬಂದಿದೆ. ಡಿಎಂಪಿ ಎಂದರೆ ಡೈಮೀಥೈಲ್ ಥ್ಯಾಲೇಟ್. ಥ್ಯಾಲೇಟ್ ಎಂಬ ಗುಂಪಿನ ಹೆಸರು ಸೌಂದರ್ಯವರ್ಧಕಗಳ ಚರ್ಚೆಯಲ್ಲಿ ಕೇಳಿದರೆ ಜನ ಬೆಚ್ಚುತ್ತಾರೆ, ಅದರಲ್ಲಿ ಡೈಬ್ಯೂಟೈಲ್ ಥ್ಯಾಲೇಟನ್ನು ಯುರೋಪು ನಿಷೇಧಿಸಿಯೂ ಇದೆ. ಅದೇ ಗುಂಪಿನ ಇನ್ನೊಂದು, ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗಿ, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ತೊಳೆದುಕೊಂಡಾಗ, ಸೌದೆ ತರುವವರನ್ನು, ದನ ಕಾಯುವವರನ್ನು ಮಾರಕ ಜ್ವರದಿಂದ ಕಾಪಾಡುತ್ತಿತ್ತು. ಯಾವ ಪದಾರ್ಥ, ಎಷ್ಟು, ಮೈಯ ಯಾವ ಭಾಗಕ್ಕೆ, ಎಷ್ಟು ಹೊತ್ತು, ಯಾವ ಅಪಾಯ ತಪ್ಪಿಸಲು, ಇಷ್ಟನ್ನೂ ಕೇಳದೆ ತೀರ್ಪು ಕೊಡುವಂತಿಲ್ಲ.

ಬಣ್ಣದ ಗುರುತುಗಳ ಬಗ್ಗೆ ಎರಡು ಮಾತು. ತೋಟದ ಔಷಧಿ ಡಬ್ಬಿಯ ಮೇಲಿನ ಬಣ್ಣ ವಿಷದ ಪ್ರಮಾಣ ಹೇಳುತ್ತದೆ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಸೋಪು, ಪೇಸ್ಟುಗಳ ಮೇಲಿನ ಹಸಿರು ಚುಕ್ಕೆ ಹೇಳುವುದು ಪ್ರಾಣಿಮೂಲದ್ದೋ ಸಸ್ಯಮೂಲದ್ದೋ ಎಂಬುದನ್ನಷ್ಟೇ, ಸುರಕ್ಷತೆಯನ್ನಲ್ಲ. ಪೇಸ್ಟಿನ ಟ್ಯೂಬಿನ ತುದಿಯ ಬಣ್ಣದ ಪಟ್ಟಿ ಏನನ್ನೂ ಹೇಳುವುದಿಲ್ಲ. ಎಲ್ಲಿ ಕತ್ತರಿಸಬೇಕೆಂದು ಯಂತ್ರದ ಕಣ್ಣಿಗೆ ಹಾಕಿದ ಗುರುತು ಅದು. ಪೇಸ್ಟಿನಲ್ಲಿ ನೋಡಬೇಕಾದದ್ದು ಫ್ಲೋರೈಡ್ ಎಷ್ಟು ಪಿಪಿಎಂ ಎಂಬುದು. ನಮ್ಮಲ್ಲಿ 1000 ಮೀರಕೂಡದು, ಟ್ಯೂಬಿನ ಮೇಲೆ ಬರೆಯಲೇಬೇಕು. ಕೊಬ್ಬರಿ ಎಣ್ಣೆ ಬಾಟಲಿಯಲ್ಲೂ ನೋಡುವುದಿದೆ. ತಲೆಗೆ ಹಾಕಲು ನಾವು ತರುವ ಹಲವು ಬಾಟಲಿಗಳ ಮೇಲೆ ‘ಹೇರ್ ಆಯಿಲ್’ ಎಂದು ಬರೆದೇ ಇರುವುದಿಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದು ಅಡುಗೆ ಎಣ್ಣೆ. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆಗೆ ಯಾವ ತೆರಿಗೆ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಬಾಟಲಿ ಸಣ್ಣದಾದ ಮಾತ್ರಕ್ಕೆ ಅದು ತಲೆಗೆ ಹಚ್ಚುವ ಎಣ್ಣೆಯಾಗುವುದಿಲ್ಲ ಎಂದಿತು.

ಇವೆಲ್ಲ ದುಡ್ಡಿನ, ತುರಿಕೆಯ ಮಾತಾಯಿತು. ನಿಜಕ್ಕೂ ಹೊಟ್ಟೆ ಉರಿಯುವುದು ಮುಖ ಬೆಳ್ಳಗಾಗಿಸುವ ಟ್ಯೂಬುಗಳ ವಿಷಯದಲ್ಲಿ. ನಮ್ಮ ಕಡೆಯ ಒಬ್ಬ ಹುಡುಗಿ, ಮದುವೆ ಗೊತ್ತಾದವಳು, ಯಾರೋ ಹೇಳಿದರೆಂದು ಔಷಧದ ಅಂಗಡಿಯಿಂದ ಒಂದು ಟ್ಯೂಬು ತಂದು ದಿನಾ ಹಚ್ಚಿದಳು. ಮೊದಮೊದಲು ಮುಖ ತಿಳಿಯಾಯಿತು, ಎಲ್ಲರೂ ಮೆಚ್ಚಿದರು. ತಿಂಗಳುಗಳು ಕಳೆಯುವಷ್ಟರಲ್ಲಿ ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗಿದವು, ಕೆನ್ನೆಯಲ್ಲಿ ಕೂದಲು, ಮೊಡವೆ. ಕಣದಲ್ಲಿ ಕಾಫಿ ಹರಡುವಾಗ ಬಿಸಿಲು ತಾಗಿದರೆ ಉರಿ. ಹಚ್ಚುವುದು ಬಿಟ್ಟರೆ ಇನ್ನೂ ಹೆಚ್ಚು ಉರಿ, ಹಾಗಾಗಿ ಬಿಡಲಾಗದೆ ಮತ್ತೆ ಹಚ್ಚುವುದು. ಚರ್ಮದ ವೈದ್ಯರ ಬಳಿ ಹೋದಾಗ ಅವರು ಮೊದಲು ಕೇಳಿದ್ದೇ ಟ್ಯೂಬನ್ನು. ಅದರ ಮೇಲೆ ಮೂರು ಹೆಸರು ಇದ್ದವು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್. ಕೊನೆಯದು ಸ್ಟೀರಾಯ್ಡ್. ಬೀಟಾಮೆಥಸೋನ್, ಕ್ಲೋಬೆಟಸಾಲ್ ಕೂಡ ಅದೇ ವರ್ಗದವು. ವೈದ್ಯರು ಕಾಯಿಲೆ ನೋಡಿ ಕೆಲವು ವಾರಕ್ಕೆಂದು ಕೊಡುವ ಒಳ್ಳೆಯ ಔಷಧಿಗಳು ಇವು. ಚೀಟಿಯಿಲ್ಲದೆ ಫೇರ್‌ನೆಸ್ ಕ್ರೀಮಿನಂತೆ ಮಾರಾಟವಾಗಿ ದೇಶದ ತುಂಬ ಮುಖಗಳನ್ನು ಕೆಡಿಸಿದವು. ಚರ್ಮವೈದ್ಯರ ಸಂಘದವರು ಬಹಳ ಹೋರಾಡಿದ ಮೇಲೆ, 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಟ್ಯೂಬಿನ ಮೇಲೆ ‘ಆರ್‌ಎಕ್ಸ್’ ಗುರುತು ಕಂಡರೆ ಅದು ಸೌಂದರ್ಯವರ್ಧಕ ಅಲ್ಲವೇ ಅಲ್ಲ. ಇಷ್ಟನ್ನು ಪ್ರತಿ ಹೈಸ್ಕೂಲಿನಲ್ಲೂ ಹೇಳಿಕೊಡಬೇಕು. ಈಗಾಗಲೇ ಹಚ್ಚುತ್ತಿರುವವರು ಟ್ಯೂಬನ್ನು ಕೈಯಲ್ಲಿ ಹಿಡಿದೇ ವೈದ್ಯರನ್ನು ಕಾಣುವುದು ಸರಿ.

ಇದಕ್ಕಿಂತ ಅಪಾಯದ್ದು ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ನಂಬರು, ಪದಾರ್ಥಗಳ ಪಟ್ಟಿ ಯಾವುದೂ ಇಲ್ಲದೆ ಡಬ್ಬಿಗಳಲ್ಲಿ ಬರುವ ಬಿಳುಪಿನ ಕ್ರೀಮು. ಇವುಗಳಲ್ಲಿ ಪಾದರಸ ಇರುವ ಸಂಭವವಿದೆ. ಗೊತ್ತಿಲ್ಲದೆ ಸೇರಿಕೊಂಡದ್ದು ಎಂದರೂ 1 ಪಿಪಿಎಂ ಮೀರಕೂಡದು ಎನ್ನುತ್ತದೆ ನಮ್ಮ ನಿಯಮ. ಕಣ್ಣಿನ ಸುತ್ತ ಹಚ್ಚುವಂಥವಕ್ಕೆ ಮಾತ್ರ ಬೇರೆ ಮಿತಿ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆ ಎಂದು ಬಂದವರನ್ನು ವಿಚಾರಿಸುತ್ತ ಹೋದ ವೈದ್ಯರಿಗೆ ಅವರಲ್ಲಿ ಹಲವರು ಇಂಥ ಕ್ರೀಮು ಹಚ್ಚಿದವರು ಎಂದು ತಿಳಿದುಬಂತು. ಪಟ್ಟಿ ಇಲ್ಲದ ಡಬ್ಬಿಯನ್ನು ಯಾರು ಪುಕ್ಕಟೆ ಕೊಟ್ಟರೂ ಮುಖಕ್ಕೆ ಹಚ್ಚಬೇಡಿ.

ಆದರೆ ಕಾನೂನೇ ಪಟ್ಟಿ ಬೇಡ ಎಂದು ಬಿಟ್ಟಿರುವ ಒಂದು ಜಾಗವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. 60 ಮಿಲಿಲೀಟರಿಗಿಂತ ಕಡಿಮೆಯ ದ್ರವ, 30 ಗ್ರಾಮಿಗಿಂತ ಕಡಿಮೆಯ ಗಟ್ಟಿ ಪದಾರ್ಥ ಇದ್ದರೆ ಹೊದಿಕೆಯ ಮೇಲೆ ಪದಾರ್ಥಗಳನ್ನು ಬರೆಯಬೇಕಾಗಿಲ್ಲ. ಜಾಗ ಸಾಲದು ಎಂಬುದು ಇದಕ್ಕೆ ಹೇಳಬಹುದಾದ ಕಾರಣ. ಕೆಲವು ಕಂಪನಿಗಳು ತಾವಾಗಿಯೇ ಬರೆಯುತ್ತವೆ, ಎಲ್ಲರೂ ಬರೆಯುವುದಿಲ್ಲ. ಬಟವಾಡೆಯ ಸಂಜೆ ತೋಟದ ಕೂಲಿಯವರ ಲೈನ್ ಮನೆಗಳವರು ಸಾಮಾನು ತರಲು ಹೋಗುವ ಅಂಗಡಿಯಲ್ಲಿ ನಿಂತು ನೋಡಿದರೆ ಇದರ ಅರ್ಥವಾಗುತ್ತದೆ. ಅಂಗಡಿಯ ಬಾಗಿಲಿಗೆ ದಾರದಲ್ಲಿ ಇಳಿಬಿಟ್ಟ ಶಾಂಪೂ ಸ್ಯಾಶೆ, ಕ್ರೀಮಿನ ಸ್ಯಾಶೆ, ಸಣ್ಣ ಪೇಸ್ಟು, ಹತ್ತು ರೂಪಾಯಿಯ ಮುಖದ ಕ್ರೀಮು. ದಿನಗೂಲಿಯವರು ಕೊಳ್ಳುವುದು ಇದನ್ನೇ. ದೊಡ್ಡ ಬಾಟಲಿ ಕೊಳ್ಳುವ ನನಗೆ ಹಿಂಬದಿಯಲ್ಲಿ ಇಪ್ಪತ್ತು ಪದಾರ್ಥಗಳ ಹೆಸರು ಸಿಗುತ್ತದೆ. ನಮ್ಮ ತೋಟದಲ್ಲಿ ಕಾಫಿ ಕುಯ್ಯುವವಳಿಗೆ, ಅಷ್ಟೇ ನೀರು, ಅಷ್ಟೇ ತುರಿಕೆ ಇರುವವಳಿಗೆ, ಏನೂ ಸಿಗುವುದಿಲ್ಲ. ಸ್ಯಾಶೆಯನ್ನು ದಕ್ಷಿಣ ಭಾರತದಲ್ಲಿ ಮನೆಮಾತಾಗಿಸಿದವರು ಬಡವರಿಗೂ ಶಾಂಪೂ ಸಿಗಲಿ ಎಂದರು, ಅದು ಸಿಕ್ಕಿತು. ಅದರೊಳಗೆ ಏನಿದೆ ಎಂಬ ತಿಳಿವಳಿಕೆ ಸಿಗಲಿಲ್ಲ. ತಿಳಿಯುವ ಹಕ್ಕನ್ನು ಮಿಲಿಲೀಟರಿನ ಲೆಕ್ಕದಲ್ಲಿ ಹಂಚುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಪಟ್ಟಿ ಇದ್ದರೂ ಅದು ಇಂಗ್ಲಿಷಿನಲ್ಲಿ. ಹೆಸರುಗಳನ್ನು ಜಗತ್ತೆಲ್ಲ ಒಂದೇ ಥರ ಬರೆಯುವುದರಲ್ಲಿ ಅನುಕೂಲವಿದೆ, ವೈದ್ಯರಿಗೆ ಬೇಗ ತಿಳಿಯುತ್ತದೆ. ಆದರೆ ಅದರ ಪಕ್ಕದಲ್ಲೇ ಕನ್ನಡದಲ್ಲಿ ಎರಡು ಸಾಲು ಎಚ್ಚರಿಕೆ ಬರೆಯಲು ಸಾಧ್ಯ ಎಂಬುದಕ್ಕೆ ಒಂದು ವಸ್ತು ಸಾಕ್ಷಿಯಾಗಿದೆ: ತಲೆಗೆ ಹಚ್ಚುವ ಕಪ್ಪು ಬಣ್ಣ. ಅದರಲ್ಲಿ ಪ್ಯಾರಾ ಫಿನೈಲೀನ್ ಡೈಅಮೀನ್ ಎಂಬ, ಕೆಲವರಿಗೆ ಭೀಕರ ಅಲರ್ಜಿ ತರುವ ಪದಾರ್ಥ ಇರುವುದರಿಂದ, ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಗಳಲ್ಲೂ ಎಚ್ಚರಿಕೆ ಇರಬೇಕೆಂದು ನಮ್ಮ ನಿಯಮವೇ ಹೇಳುತ್ತದೆ. ಕಿವಿಯ ಹಿಂದೆಯೋ ಮುಂಗೈಯ ಒಳಬದಿಗೋ ಚೂರು ಹಚ್ಚಿ, 24 ಗಂಟೆ ಕಾದು ನೋಡಬೇಕು. ಪ್ರತಿ ಸಲ ಬಣ್ಣ ಹಾಕುವ ಮೊದಲೂ ಹೀಗೆ ನೋಡಬೇಕು. ಹುಬ್ಬಿಗೆ, ರೆಪ್ಪೆಗೆ ಹಚ್ಚಿದರೆ ಕಣ್ಣು ಹೋಗಬಹುದು. ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಗಳಲ್ಲೂ ಅನೇಕ ಸಲ ಇದೇ ಪದಾರ್ಥ ಇರುತ್ತದೆ, ಮದರಂಗಿ ಸೊಪ್ಪಿನ ಬಣ್ಣ ಕಪ್ಪಲ್ಲ. ನಮ್ಮ ತೋಟಕ್ಕೆ ಬರುವ ಒಬ್ಬ ಅಕ್ಕ ಹೊರನಾಡಿನಲ್ಲಿ ನಡೆಯುವ ನೆಂಟರ ಮದುವೆಗೆ ತಲೆಗೆ ಬಣ್ಣ ಹಾಕಲು ಹೊರಟಿದ್ದರು. ಪೆಟ್ಟಿಗೆಯಲ್ಲಿದ್ದ ಕನ್ನಡದ ಸಾಲುಗಳನ್ನು ಅವರ ಮಗ ಓದಿ ಹೇಳಿದ. ಕಿವಿಯ ಹಿಂದೆ ಹಚ್ಚಿದರು, ಬೆಳಗಾಗುವಷ್ಟರಲ್ಲಿ ಕೆಂಪಗೆ ಬಾತಿತ್ತು. ಬಣ್ಣ ಅಂಗಡಿಗೆ ವಾಪಸು ಹೋಯಿತು, ಅವರು ಬಿಳಿ ಕೂದಲಲ್ಲೇ ಮದುವೆಗೆ ಹೋಗಿ ಬಂದರು.

ಆಮೇಲೆ ಅವರೇ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಕೇಳಿದರು: ‘ಇದ್ರಲ್ಲಿ ಬರ್ದಿದ್ದಾರಲ್ಲ ಅಮ್ಮ, ಶಾಂಪೂ ಪಾಕೀಟಲ್ಲಿ ಯಾಕೆ ಬರ್ಯಲ್ಲ?’ ಕಾನೂನು ಬದಲಾಗುವವರೆಗೆ ಕಾಯುವುದು ಬೇಡವೆಂದು ಒಂದು ಸಣ್ಣ ಕೆಲಸ ಶುರುಮಾಡಿದ್ದೇವೆ. ಅಂಗಡಿಯಲ್ಲಿ ಹೆಚ್ಚು ಹೋಗುವ ಸ್ಯಾಶೆಗಳ ಕಂಪನಿಗಳಿಗೆ ಪತ್ರ ಬರೆದು ಪದಾರ್ಥಗಳ ಪಟ್ಟಿ ಕೇಳುವುದು. ದೊಡ್ಡ ಬಾಟಲಿಯ ಪಟ್ಟಿಯನ್ನೇ ನಂಬುವಂತಿಲ್ಲ, ಸ್ಯಾಶೆಯ ಮಿಶ್ರಣ ಅದೇ ಇರಬೇಕೆಂದಿಲ್ಲ. ಬಂದ ಉತ್ತರವನ್ನು ಕನ್ನಡದಲ್ಲಿ, ಜೊತೆಗೆ ತೋಟದ ಕೆಲಸಕ್ಕೆ ಅಸ್ಸಾಂ, ಬಂಗಾಳದಿಂದ ಬಂದವರಿಗೂ ತಿಳಿಯುವಂತೆ, ದಪ್ಪ ಅಕ್ಷರದಲ್ಲಿ ಬರೆದು ಅಂಗಡಿಯ ಗೋಡೆಗೆ ಅಂಟಿಸುವುದು. ತೂಕದ ಯಂತ್ರದ ಪಕ್ಕದ ಜಾಗ ಬಿಟ್ಟುಕೊಡುತ್ತೇನೆ ಎಂದು ಅಂಗಡಿಯವರು ಒಪ್ಪಿದ್ದಾರೆ. ತಂಗಿಯ ಮಗಳು ಮೊದಲ ಮೂರು ಪತ್ರಗಳನ್ನು ಬರೆದುಕೊಟ್ಟಿದ್ದಾಳೆ, ಪರ್ಫ್ಯೂಮಿನಲ್ಲಿ ಏನೇನಿದೆ ಎಂಬ ಪ್ರಶ್ನೆಯನ್ನು ಮೂರರಲ್ಲೂ ಸೇರಿಸಿದ್ದಾಳೆ.